ಮಿಶ್ರಲೋಹದ ಚಕ್ರಕ್ಕೆ ಮರಳಿ ಹೊಳಪು

ಕಾರಿನ ಅಲಾಯ್ ಚಕ್ರವು ಹೊಸದರಲ್ಲಿ ಬೆಳ್ಳಿಯಂತೆ ಹೊಳೆಯುತ್ತದೆ. ಕೆಲವು ವರ್ಷಗಳಲ್ಲಿ ಅದರ ಬಣ್ಣದ ಅಡಿಯಲ್ಲಿ ಹುಳು ಹರಿದಂತೆ ಬಿಳಿಯ ಗೆರೆಗಳು ತೋರುವುದುಂಟು. ಇದಕ್ಕೆ ಕಾರಣವೇನು? ಮನೆಯಲ್ಲಿಯೇ ಇದನ್ನು ಸರಿಪಡಿಸಬಹುದೆ?

ಇಂತಹ ಚಕ್ರದ ಬಹುಪಾಲು ಅಲ್ಯೂಮಿನಿಯಂ. ಸಾಮಾನ್ಯವಾಗಿ ಅದರೊಡನೆ ನೂರಕ್ಕೆ ಸುಮಾರು 7 ಪಾಲು ಸಿಲಿಕಾನ್ ಬೆರೆತಿರುತ್ತದೆ. ಗಾಳಿ ಸೋಕಿದೊಡನೆ ಅಲ್ಯೂಮಿನಿಯಮಿನ ಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟಿ ಒಳಲೋಹವನ್ನು ಕಾಯುತ್ತದೆ. ಆದರೆ ಕಲ್ಲು ಬಡಿದು ಬಣ್ಣ ಒಡೆದೆಡೆಯಲ್ಲಿ ಉಪ್ಪುನೀರು ನುಗ್ಗಿದರೆ, ಅದರಲ್ಲಿನ ಕ್ಲೋರೈಡ್ ಆ ಪೊರೆಯನ್ನು ಭೇದಿಸುತ್ತದೆ; ಸವೆತವು ಬಣ್ಣದಡಿಯಲ್ಲಿ ಎಳೆಯೆಳೆಯಾಗಿ ಹರಡುತ್ತದೆ. ಆದುದರಿಂದ ಮೇಲೆ ಹೊಸ ಬಣ್ಣ ಬಳಿದ ಮಾತ್ರಕ್ಕೆ ಅದು ನಿಲ್ಲದು.

ಮೊದಲು ಚಕ್ರವನ್ನು ಬಿಚ್ಚಿ, ತೊಳೆದು, ಜಿಡ್ಡು ತೆಗೆದು ಒಣಗಿಸೋಣ. ಮೂಗು ಬಾಯಿಗಳಿಗೆ ಮುಸುಕು ಧರಿಸಿ, ಬಿಳಿಯ ಪುಡಿಯೆಲ್ಲ ಹೋಗಿ ಶುದ್ಧಲೋಹ ಕಾಣುವವರೆಗೆ ಒರಟು ಎಮರಿ ಕಾಗದದಿಂದಲೂ ಅನಂತರ ನಯವಾದುದರಿಂದಲೂ ಉಜ್ಜೋಣ. ತಡಮಾಡದೆ ಅಲ್ಯೂಮಿನಿಯಮಿಗೆ ಹೊಂದುವ ಪ್ರೈಮರನ್ನೂ, ಅದು ಒಣಗಿದ ಮೇಲೆ ಬಣ್ಣವನ್ನೂ, ಕೊನೆಗೆ ಪಾರದರ್ಶಕ ಮೆರುಗೆಣ್ಣೆಯನ್ನೂ ತೆಳುವಾಗಿ ಹಚ್ಚಬೇಕು. ನಟ್ಟುಗಳು ಕೂರುವ ಜಾಗಕ್ಕೂ ಹಬ್ಬಿಗೆ ಒತ್ತುವ ಮುಖಕ್ಕೂ ಬಣ್ಣ ತಗುಲಕೂಡದು. ಅಲ್ಲಿನ ಬಣ್ಣ ನಲುಗಿ ನಟ್ಟುಗಳು ಸಡಿಲವಾದಾವು.

ನಮ್ಮ ಕೈಗೆಲಸವು ಚಕ್ರದ ಹೊರಮೈಗೆ ಮಾತ್ರ ಸಲ್ಲುವುದೆಂಬುದನ್ನು ಮರೆಯಬಾರದು. ಕಾರ್ಖಾನೆಯಲ್ಲಿ ಎರಕದ ಚಕ್ರವನ್ನು ಸುಮಾರು 540 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೀರಿನಲ್ಲಿ ತಣಿಸಿ, ಮತ್ತೆ ಮಿತವಾದ ಕಾವಿನಲ್ಲಿರಿಸಿ ಬಲಪಡಿಸುತ್ತಾರೆ. ಬಾಗಿದುದನ್ನು ಜ್ವಾಲೆಗೆ ಹಿಡಿದು ಬಡಿದರೆ ಆ ಹದ ಕೆಡುತ್ತದೆ. ಬಿರುಕಿನ ಮೇಲೆ ಬಣ್ಣ ಬಳಿದರೆ ಬಿರುಕು ಮರೆಯಾಗುವುದೇ ಹೊರತು ಬೆಳೆಯುವುದು ನಿಲ್ಲದು. ಆದುದರಿಂದ ಕುಂಚ ಹಿಡಿಯುವ ಮುನ್ನ ಚಕ್ರದ ಒಳಮೈಯನ್ನೂ ಅರೆಕಾಲುಗಳ ಬುಡವನ್ನೂ ಪರೀಕ್ಷಿಸಿ, ಬಿರುಕು ಕಂಡರೆ ಚಕ್ರವನ್ನು ಬದಲಿಸುವುದೇ ಯುಕ್ತ.