ದೂರವಾಣಿಯ ವೆಚ್ಚವನ್ನು ವಿಂಗಡಿಸಿ ಲೆಕ್ಕವಿಡುವ ಕ್ರಮ

ನಮ್ಮ ಹಿಡುವಳಿದಾರರಲ್ಲಿ ಅನೇಕರು ಈಗ ಬೇಸಾಯವೊಂದನ್ನೇ ನೆಚ್ಚಿಕೊಂಡಿಲ್ಲ. ಕೆಲವರು ಗೊಬ್ಬರದ ಅಂಗಡಿಯನ್ನಿಟ್ಟಿದ್ದಾರೆ. ಕೆಲವರು ಹೈನುಗಾರಿಕೆ, ಕೋಳಿ ಸಾಕಣೆಗಳನ್ನು ನಡೆಸುತ್ತಾರೆ. ಮತ್ತೆ ಕೆಲವರು ಟ್ರಾಕ್ಟರನ್ನು ಬಾಡಿಗೆಗೆ ಕೊಡುತ್ತಾರೆ. ಜಮೀನಿನ ಬೇಸಾಯದಿಂದ ಬರುವ ಆದಾಯಕ್ಕೆ ಕೇಂದ್ರ ಸರ್ಕಾರದ ಆದಾಯ ತೆರಿಗೆಯಿಲ್ಲ. ಆದರೆ ಮೇಲೆ ಹೇಳಿದ ಕಸುಬುಗಳ ಲಾಭವು ವ್ಯಾಪಾರದ ಆದಾಯವೆನಿಸಿ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಆ ಲಾಭವನ್ನು ಗೊತ್ತುಮಾಡುವಾಗ ವ್ಯಾಪಾರಕ್ಕೆ ತಗಲಿದ ಖರ್ಚನ್ನು ವಜಾ ಮಾಡಿಕೊಳ್ಳಬಹುದು. ದೂರವಾಣಿಯ ಖರ್ಚೂ ಅಂತಹ ಒಂದು ಬಾಬು.

ತೊಡಕು ಇರುವುದು ಇಲ್ಲಿಯೇ. ಅಂಗಡಿಗೆ ಮಾಲು ತರಿಸುವುದೂ, ಕೊಯ್ಲಿಗೆ ಆಳುಗಳನ್ನು ಕರೆಯುವುದೂ, ಮಗಳ ಮನೆಯ ಕ್ಷೇಮ ವಿಚಾರಿಸುವುದೂ ಒಂದೇ ಮೊಬೈಲಿನಿಂದ. ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚು ಮಾತ್ರ ಸಲ್ಲುವುದೆಂಬ ನಿಯಮವು 1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಪ್ರಕರಣದಲ್ಲಿದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯಿದೆಯಲ್ಲಿಯೂ ಅದೇ ತತ್ತ್ವವಿದೆ. ಆದಕಾರಣ ಮನೆಯ ಪಾಲು ಸಲ್ಲದು. ಬೇಸಾಯದ ಆದಾಯಕ್ಕೆ ತೆರಿಗೆಯಿಲ್ಲವಾದುದರಿಂದ ಬೇಸಾಯದ ಪಾಲನ್ನೂ ವ್ಯಾಪಾರದ ಲಾಭದಿಂದ ಕಳೆಯಲಾಗದು. ಈ ಎರಡನೆಯ ಅಂಶವನ್ನು ಬಹಳ ಮಂದಿ ಮರೆಯುತ್ತಾರೆ.

ನಾನು ಬಲ್ಲ ಒಬ್ಬ ಜಮೀನುದಾರರು ನಾಲ್ಕು ವರ್ಷ ಮನೆಮಂದಿಯೆಲ್ಲರ ಮೊಬೈಲಿನ ಖರ್ಚನ್ನು ಅಂಗಡಿಯ ಬಾಬಿಗೇ ಬರೆದರು. ತನಿಖೆಯ ಕಾಲದಲ್ಲಿ ಅಧಿಕಾರಿಗಳು ಆಧಾರ ಕೇಳಲು, ತೋರಿಸುವುದಕ್ಕೆ ಒಂದು ಚೀಟಿಯೂ ಇರಲಿಲ್ಲ. ನ್ಯಾಯವಾಗಿ ಸಲ್ಲಬೇಕಾಗಿದ್ದ ಪಾಲೂ ಕೈತಪ್ಪಿತು. ಬಾಕಿ ತೆರಿಗೆಯ ಮೇಲೆ ಬಡ್ಡಿಯೂ ಬಿದ್ದಿತು.

ಇಂತಹ ನಷ್ಟವನ್ನು ತಪ್ಪಿಸುವ ಕ್ರಮ ಸುಲಭವಾದುದು. ಮುಂಗಾರಿನಲ್ಲಿ ಒಂದು ತಿಂಗಳು, ಬೇಸಗೆಯಲ್ಲಿ ಒಂದು ತಿಂಗಳು, ಪ್ರತಿರಾತ್ರಿಯೂ ಆ ದಿನದ ಕರೆಗಳನ್ನು ನೋಡಿ ಅಂಗಡಿ, ಬೇಸಾಯ, ಮನೆ ಎಂದು ಮೂರು ಕಲಮುಗಳಲ್ಲಿ ದಿನಚರಿ ಪುಸ್ತಕದೊಳಗೆ ಗುರುತು ಹಾಕತಕ್ಕದ್ದು. ಎರಡು ತಿಂಗಳಲ್ಲಿ 400 ಕರೆಗಳಾಗಿ, ಅಂಗಡಿಗೆ 200, ಬೇಸಾಯಕ್ಕೆ 80, ಮನೆಗೆ 120 ಎಂದು ಕಂಡುಬಂದರೆ ಅಂಗಡಿಯ ಪಾಲು ಅರ್ಧ. ತಿಂಗಳ ಖರ್ಚು 400 ರೂಪಾಯಿಯಾದರೆ ವರ್ಷಕ್ಕೆ 4,800. ಅದರಲ್ಲಿ 2,400 ರೂಪಾಯಿ ಮಾತ್ರ ವಜಾ ಮಾಡತಕ್ಕದ್ದು. ರೀಚಾರ್ಜಿನ ರಸೀದಿಗಳನ್ನೂ ಆ ಪುಸ್ತಕವನ್ನೂ ಒಟ್ಟಿಗೆ ಕಾಪಾಡಬೇಕು.

ಮೊಬೈಲನ್ನು ಕೊಂಡ ಬೆಲೆಯನ್ನು ಒಂದೇ ಸಲ ಖರ್ಚು ಬರೆಯಬಾರದು. ಅದಕ್ಕೆ ವರ್ಷಕ್ಕೆ ನೂರಕ್ಕೆ 15ರಂತೆ ಸವಕಳಿ ಸಲ್ಲುತ್ತದೆ. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರ ಅರ್ಧ ಮಾತ್ರ. 12,000 ರೂಪಾಯಿಯ ಮೊಬೈಲಿಗೆ ಮೊದಲ ಪೂರ್ಣ ವರ್ಷದ ಸವಕಳಿ 1,800; ಮೇಲಿನ ಉದಾಹರಣೆಯಂತೆ ಅಂಗಡಿಯ ಪಾಲು 900.

ಅಂಗಡಿಗೆಂದೇ ಪ್ರತ್ಯೇಕ ನಂಬರನ್ನು ಇಟ್ಟುಕೊಂಡು ಬೇರೆ ಕೆಲಸಕ್ಕೆ ಬಳಸದಿದ್ದಲ್ಲಿ ವಿಂಗಡಣೆಯ ಶ್ರಮವೇ ಇಲ್ಲ. ಆ ನಂಬರಿನ ಖರ್ಚೆಲ್ಲವೂ ಸಲ್ಲುತ್ತದೆ.

ಒಂದು ಎಚ್ಚರಿಕೆ. ವಹಿವಾಟಿನ ಮೊತ್ತದ ಮೇಲೆ ನೂರಕ್ಕೆ ಕನಿಷ್ಠ 8ರಂತೆ, ಬ್ಯಾಂಕಿನ ಮೂಲಕ ಬಂದ ಹಣಕ್ಕೆ 6ರಂತೆ, ಅಂದಾಜು ಲಾಭವನ್ನು ತೋರಿಸುವವರಿಗೆ ಎಲ್ಲ ಖರ್ಚೂ ಅದರೊಳಗೇ ಸೇರಿದೆ. ಅವರು ದೂರವಾಣಿಯ ಖರ್ಚನ್ನು ಮತ್ತೆ ಕಳೆಯುವಂತಿಲ್ಲ.

ಗ್ರಾಮದ ಮುಖಂಡರು ತಾವು ಮೊದಲು ಇಂತಹ ಪುಸ್ತಕವನ್ನಿಟ್ಟು ನೆರೆಹೊರೆಯವರಿಗೂ ತೋರಿಸಿಕೊಡುವುದು ಉತ್ತಮ. ಪ್ರತಿದಿನ ಐದು ನಿಮಿಷದ ಬರವಣಿಗೆಯು ಮುಂದೆ ವರ್ಷಗಟ್ಟಲೆಯ ತಕರಾರನ್ನು ತಪ್ಪಿಸುತ್ತದೆ.