‘ಕಲ್ಲು ಮಗುಚುವ’ ಶೋಧ: ಒಂದು ಇಂಗ್ಲಿಷ್ ನುಡಿಗಟ್ಟಿನ ಅರ್ಥವಿವೇಚನೆ

ಕೂಲಂಕಷ ಶೋಧವನ್ನು ಸೂಚಿಸಲು ಇಂಗ್ಲಿಷಿನಲ್ಲಿ ಬಳಕೆಯಾಗುವ ‘ಲೀವ್ ನೋ ಸ್ಟೋನ್ ಅನ್‌ಟರ್ನ್ಡ್’ ಎಂಬ ನುಡಿಗಟ್ಟಿನ ಪದಶಃ ಅರ್ಥ, ಒಂದು ಕಲ್ಲನ್ನೂ ಮಗುಚದೆ ಬಿಡದಿರುವುದು. ಇದರ ಮೂಲ ಗ್ರೀಕ್. ಕ್ರಿ.ಪೂ. 479ರ ಪ್ಲಟೀಯ ಯುದ್ಧದಲ್ಲಿ ಮಡಿದ ಪರ್ಷಿಯನ್ ಸೇನಾನಿ ಮಾರ್ಡೋನಿಯಸನು ಹುದುಗಿಸಿಟ್ಟ ನಿಧಿಯನ್ನು ಅರಸಿ ಸೋತ ಪಾಲಿಕ್ರೆಟೀಸನಿಗೆ, ಪ್ರತಿಯೊಂದು ಕಲ್ಲನ್ನೂ ಸರಿಸುವಂತೆ ಡೆಲ್ಫಿಯ ದೈವವಾಣಿ ಸೂಚಿಸಿತೆಂಬ ಐತಿಹ್ಯವಿದೆ. ಅದೇ ಶತಮಾನದ ನಾಟಕಕಾರ ಯುರಿಪಿಡೀಸನು ‘ಹೆರಾಕ್ಲೀಸನ ಮಕ್ಕಳು’ ಕೃತಿಯಲ್ಲಿ ಈ ನುಡಿಯನ್ನು ಬಳಸಿದ್ದಾನೆ. ಅಲ್ಲಿ ಅದು ಹುಡುಕಾಟವನ್ನಲ್ಲ, ಸಾಧ್ಯವಿರುವ ಎಲ್ಲ ಉಪಾಯಗಳ ಪ್ರಯೋಗವನ್ನು ಸೂಚಿಸುತ್ತದೆ.

ಇಂಗ್ಲಿಷ್ ಇವೆರಡು ಅರ್ಥಗಳನ್ನೂ ಉಳಿಸಿಕೊಂಡಿದೆ. ಕನ್ನಡದಲ್ಲಿ ಅವು ಬೇರ್ಪಡುತ್ತವೆ. ಪೊಲೀಸರು ಮನೆಯನ್ನು ‘ಜಾಲಾಡಿದರು’ ಎಂಬಲ್ಲಿ ಶೋಧದ ಅರ್ಥ ಸಲ್ಲುತ್ತದೆ. ಮಗನನ್ನು ಉಳಿಸಿಕೊಳ್ಳಲು ತಂದೆ ‘ಶತಪ್ರಯತ್ನ ಮಾಡಿದ’ ಎಂಬಲ್ಲಿ ಉಪಾಯದ ಅರ್ಥವಿದೆ. ಅಲ್ಲಿ ‘ಜಾಲಾಡು’ ಹೊಂದದು. ಆದ್ದರಿಂದ ಒಂದೇ ಸಮಾನಪದವನ್ನು ಎಲ್ಲೆಡೆ ಅನ್ವಯಿಸಲಾಗದು.

ಇನ್ನೊಂದು ಅಂಶವೂ ಪರಿಶೀಲನಾರ್ಹ. ಐತಿಹ್ಯದಲ್ಲಿ ನಿಧಿ ದೊರೆಯಿತು. ಆದರೆ ನುಡಿಗಟ್ಟು ಹೇಳುವುದು ಶ್ರಮದ ಪೂರ್ಣತೆಯನ್ನೇ ಹೊರತು ಫಲವನ್ನಲ್ಲ. ತನಿಖಾಧಿಕಾರಿಯೊಬ್ಬರು ಇಂಗ್ಲಿಷಿನಲ್ಲಿ ಆಡಿದ ಈ ಮಾತನ್ನು ‘ಅಪರಾಧಿಯನ್ನು ಪತ್ತೆ ಹಚ್ಚಿಯೇ ತೀರುತ್ತೇವೆ’ ಎಂದು ಅನುವಾದಿಸಿದರೆ, ಅವರು ನೀಡದ ಭರವಸೆಯನ್ನು ಅನುವಾದಕನೇ ನೀಡಿದಂತಾಗುತ್ತದೆ. ‘ಯಾವ ಸಾಧ್ಯತೆಯನ್ನೂ ಬಿಡದೆ ತನಿಖೆ ನಡೆಸುತ್ತೇವೆ’ ಎಂಬುದು ಮೂಲಕ್ಕೆ ನಿಷ್ಠವಾದುದು. ಕಲ್ಲಿನ ರೂಪಕ ಇಲ್ಲಿ ಅಳಿಯುತ್ತದೆ, ನಿಜ. ಆದರೆ ಆಡಿದ ಮಾತಿನ ಮಿತಿ ಉಳಿಯುತ್ತದೆ. ಭಾಷಾಂತರದಲ್ಲಿ ಮೊದಲು ಕಾಯಬೇಕಾದುದು ಆ ಮಿತಿಯನ್ನೇ.