ದುರ್ಯೋಧನ ಮೆಲ್ಲಗೆ ಮಾತಾಡಲಾರ, ಪುಟ್ಟಿ

ನ್ಯೂಟೌನ್, ಭದ್ರಾವತಿ

ಪ್ರೀತಿಯ ಪುಟ್ಟಿ,

ನೀನು ‘ಕುರುಕ್ಷೇತ್ರ’ ಸಿನಿಮಾವನ್ನು ಅರ್ಧಕ್ಕೇ ನಿಲ್ಲಿಸಿ ಎದ್ದ ವಿಷಯ ನಿನ್ನ ಅಪ್ಪ ಹೇಳಿದ. ‘ಯಾರು ಹೀಗೆ ಮಾತಾಡ್ತಾರೆ? ಬರೀ ಓವರ್ ಆಕ್ಟಿಂಗು’ ಅಂದೆಯಂತೆ. ಬೇರೆ ಯಾರಾದರೂ ಅಂದಿದ್ದರೆ ಸುಮ್ಮನಿರುತ್ತಿದ್ದೆ. ನೀನು ಸಹ್ಯಾದ್ರಿ ಕಾಲೇಜಿನ ನಾಟಕದಲ್ಲಿ ಪಾತ್ರ ಮಾಡುವವಳು. ನೀನು ಹಾಗಂದದ್ದು ಮನಸ್ಸಿಗೆ ಹತ್ತಿಕೊಂಡಿತು. ಫೋನಿನಲ್ಲಿ ಹೇಳಹೊರಟರೆ ವಾದವಾಗುತ್ತದೆ, ಅದಕ್ಕೇ ಈ ಕಾಗದ.

ನಿನ್ನ ಮಾತಿನಲ್ಲಿ ಸರಿಯಿರುವುದನ್ನು ಮೊದಲು ಹೇಳಿಬಿಡುತ್ತೇನೆ. 2019ರ ಆಗಸ್ಟಿನಲ್ಲಿ ಬಂದ ಆ ಚಿತ್ರ ಹಳೆಯ ಪೌರಾಣಿಕ ಚಿತ್ರಗಳ ದಾರಿ ಹಿಡಿದು ಹೊರಟದ್ದು. ಕಿರೀಟ, ಗದೆ, ಓಲಗ, ಉದ್ದುದ್ದ ಸಂಭಾಷಣೆ ಎಲ್ಲ ಇದೆ. ಜೊತೆಗೆ ತ್ರೀಡಿ, ಗ್ರಾಫಿಕ್ಸು. ಆ ಗ್ರಾಫಿಕ್ಸಿನ ಸೈನ್ಯ, ಅರಮನೆ ಕೆಲವು ಕಡೆ ನನ್ನ ಕಣ್ಣಿಗೂ ಹಿಡಿಸಲಿಲ್ಲ. ಆದರೆ ನೀನು ನಕ್ಕಿದ್ದು ಅದಕ್ಕಲ್ಲ, ದುರ್ಯೋಧನನ ಮಾತಿಗೆ. ನನ್ನ ತಕರಾರು ಇರುವುದು ಅಲ್ಲೇ.

‘ಕೆಜಿಎಫ್’ ಡೈಲಾಗುಗಳು ನಿನಗೆ ಬಾಯಿಪಾಠ. ಶಿವಮೊಗ್ಗದ ಗೋಪಿ ಸರ್ಕಲ್ಲಿನಲ್ಲಿ ಯಾರಾದರೂ ಅದರ ನಾಯಕ ರಾಕಿಯ ಹಾಗೆ ಮಾತಾಡಿದ್ದನ್ನು ಕೇಳಿದ್ದೀಯಾ? ಆ ಚಿತ್ರ ಬಂದದ್ದು 2018ರ ಡಿಸೆಂಬರಿನಲ್ಲಿ, ‘ಕುರುಕ್ಷೇತ್ರ’ಕ್ಕಿಂತ ಎಂಟೇ ತಿಂಗಳು ಮೊದಲು. ಅಲ್ಲಿ ಎತ್ತರದ ಮಾತಿಗೆ ಶಿಳ್ಳೆ, ಇಲ್ಲಿ ನಗು. ಹಾಗಾದರೆ ಎತ್ತರದ ಮಾತು ನಿನಗೆ ಬೇಡವೆಂದಲ್ಲ. ಈ ಮಾತಿನ ಉಸಿರು ನಿನ್ನ ಕಿವಿಗೆ ಹೊಸದು, ಅಷ್ಟೆ.

ಈ ಉಸಿರು ಕಂಪನಿ ನಾಟಕದ್ದು. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಸುಬ್ಬಯ್ಯ ನಾಯ್ಡು, ರಾವಣನಾದ ಆರ್. ನಾಗೇಂದ್ರರಾವ್ ಇಬ್ಬರೂ ರಂಗದಿಂದ ಬಂದವರು. ರಾಜ್‌ಕುಮಾರ್ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗುವ ಮೊದಲು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಮೈಕಿಲ್ಲದ ಕಾಲದಲ್ಲಿ ಟೆಂಟಿನ ಕೊನೇ ಸಾಲಿನವನಿಗೂ ಒಂದೊಂದು ಅಕ್ಷರ ಮುಟ್ಟಬೇಕಿತ್ತು. ಕ್ಯಾಮೆರಾ ಹತ್ತಿರ ಬಂದ ಮೇಲೂ ಅವರು ಆ ಸ್ವರವನ್ನು ಬಿಡಲಿಲ್ಲ. ದೇವರು, ಅಸುರರು, ಚಕ್ರವರ್ತಿಗಳು ನಮ್ಮ ನಿಮ್ಮ ಹಾಗೆ ಮಾತಾಡಿದರೆ ನೋಡುವವರೇ ಒಪ್ಪುತ್ತಿರಲಿಲ್ಲ.

ಇಷ್ಟು ಪುಸ್ತಕದಲ್ಲೂ ಸಿಗುತ್ತದೆ. ಇನ್ನು ಹೇಳುವುದು ನಾನೇ ಕಂಡದ್ದು. ಊರಿಗೆ ಊರೇ ಕಾರ್ಖಾನೆಯ ಸೈರನ್ನಿಗೆ ಏಳುತ್ತಿದ್ದ ಕಾಲದಲ್ಲಿ ನಮ್ಮ ಗೆಳೆಯರೆಲ್ಲ ಸೇರಿ ‘ಕುರುಕ್ಷೇತ್ರ’ ನಾಟಕ ಆಡಿದ್ದೆವು. ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ಊಟ ಮುಗಿಸಿಕೊಂಡು ರಾತ್ರಿ ಪ್ರಾಕ್ಟೀಸು. ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಎಲ್ಲಕ್ಕೂ ಪಾತ್ರ ಕಟ್ಟುವವರೇ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನ ದುಬಾರಿ ಪಾತ್ರಗಳು. ನನ್ನದು ಸಾತ್ಯಕಿ.

ದುರ್ಯೋಧನನಾದವರು ಫರ್ನೇಸ್ ಕಡೆ ಕೆಲಸ ಮಾಡುತ್ತಿದ್ದ ಮಿತಭಾಷಿ. ಕ್ಯಾಂಟೀನಿನಲ್ಲಿ ಟೀ ಬೇಕು ಎನ್ನುವುದಕ್ಕೂ ಸಂಕೋಚ. ಅವರ ಪುಸ್ತಕದಲ್ಲಿ ಮೇಷ್ಟ್ರು ಪೆನ್ಸಿಲಿನಿಂದ ಸಣ್ಣ ಸಣ್ಣ ಅಡ್ಡಗೆರೆ ಹಾಕಿಕೊಟ್ಟಿದ್ದರು. ಉಸಿರು ತೆಗೆದುಕೊಳ್ಳಬೇಕಾದದ್ದು ಅಲ್ಲಲ್ಲೇ. ಗೆರೆ ಮುಟ್ಟುವ ಮೊದಲೇ ಉಸಿರು ಬಿಟ್ಟರೆ ಮತ್ತೆ ಮೊದಲಿಂದ. ವಾಕ್ಯದ ಕೊನೇ ಅಕ್ಷರ ನುಂಗಿದರೂ ಮತ್ತೆ ಮೊದಲಿಂದ.

ನಾಟಕದ ರಾತ್ರಿ, ಕರ್ಣ ಸತ್ತ ಸುದ್ದಿ ಬಂದಾಗ ಅವರು ಗದೆ ಕೆಳಗಿಟ್ಟರು. ದನಿ ತಗ್ಗಿಸಲಿಲ್ಲ. ಹಾರ್ಮೋನಿಯಂನ ಕಪ್ಪು ಮೂರರ ಶ್ರುತಿಯಲ್ಲೇ ಗೆಳೆಯನನ್ನು ಕರೆದರು. ಮುಂದೆ ಚಾಪೆ ಹಾಸಿ ಕೂತಿದ್ದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಹಿಂದಿನಿಂದ ‘ಒನ್ಸ್ ಮೋರ್’ ಕೂಗು. ಅವರು ಗದೆ ಎತ್ತಿಕೊಂಡು, ಮತ್ತೆ ಕೆಳಗಿಟ್ಟು, ಅದೇ ದುಃಖವನ್ನು ಅಕ್ಷರ ಬಿಡದೆ ಇನ್ನೊಮ್ಮೆ ಪಟ್ಟರು. ಎರಡನೇ ಸಲವೂ ಹೆಂಗಸರು ಅತ್ತರು. ಯೋಚನೆ ಮಾಡು ಪುಟ್ಟಿ. ಅವರು ದುರ್ಯೋಧನನಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅತ್ತರು. ನಿಜ ಜೀವನದ ಹಾಗೆಯೇ ಇರಬೇಕೆಂಬುದೊಂದೇ ಅಳತೆಯಾಗಿದ್ದರೆ ಎರಡನೇ ಸಲ ಸಭೆಯೆಲ್ಲ ನಗಬೇಕಿತ್ತು.

ನೀನು ಅರ್ಧಕ್ಕೇ ಬಿಟ್ಟ ಸಿನಿಮಾಕ್ಕೆ ಮೂಲವೆಂದು ಹೇಳಿಕೊಂಡದ್ದು ರನ್ನನ ‘ಗದಾಯುದ್ಧ’ವನ್ನು. ಸಾವಿರ ವರ್ಷದ ಹಿಂದೆ ರನ್ನ ಭೀಮನನ್ನು ಹೊಗಳಲು ಹೊರಟವನು. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನ. ಯುದ್ಧ ಮುಗಿಯುತ್ತ ಬಂದಾಗ ಅವನು ಹೆಣಗಳ ನಡುವೆ ನಡೆದು ಹೋಗುತ್ತಾನೆ. ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಗೋಳಾಡುತ್ತಾನೆ. ಆಮೇಲೆ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ಅಷ್ಟು ಕಳೆದುಕೊಂಡವನ ಬಾಯಲ್ಲಿ ಮೆಲುಮಾತು ಹೇಗೆ ಬಂದೀತು?

ಆ ಚಿತ್ರದ ಮೇಲೆ ನನ್ನ ದೂರು ನಿನ್ನದಕ್ಕೆ ಪೂರ್ತಿ ಉಲ್ಟಾ. ನಟರು ಜಾಸ್ತಿ ಮಾಡಿದರು ಅನ್ನುವುದು ನಿನ್ನದು. ಅವರಿಗೆ ಜಾಗ ಸಾಲಲಿಲ್ಲ ಅನ್ನುವುದು ನನ್ನದು. ದುರ್ಯೋಧನನಾದ ದರ್ಶನ್ ಗತ್ತಿನಿಂದ ಒಂದು ಮಾತು ಎತ್ತಿಕೊಂಡರೆ ಅದು ಮುಗಿಯುವ ಮೊದಲೇ ಸಂಗೀತ ಮೇಲೆ ಬೀಳುತ್ತದೆ, ಶಾಟ್ ಬದಲಾಗುತ್ತದೆ. ಮೇಷ್ಟ್ರ ಪೆನ್ಸಿಲ್ ಗೆರೆಗಳು ಅಲ್ಲಿಲ್ಲ. ಭೀಷ್ಮನಾಗಿ ಅಂಬರೀಶ್ ಇದ್ದಾರೆ. 1972ರ ‘ನಾಗರಹಾವು’ ಚಿತ್ರದ ಜಲೀಲನನ್ನು ನೋಡಿದ ನಮ್ಮಂಥವರಿಗೆ ಆ ಬಿಳಿಗಡ್ಡ ನೋಡಿಯೇ ಗಂಟಲು ಕಟ್ಟಿತು. ‘ಕುರುಕ್ಷೇತ್ರ’ ತೆರೆಗೆ ಬರುವಷ್ಟರಲ್ಲಿ ಅವರೇ ಇರಲಿಲ್ಲ.

ಈಗ ನೀನು ಮಾಡಬೇಕಾದ ಒಂದು ಕೆಲಸ. ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಬಭ್ರುವಾಹನ’ (1977) ಹಾಕಿಕೊಂಡು ನೋಡು. ಅರ್ಜುನನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಇಬ್ಬರೂ ಹಾಡಿನಲ್ಲೇ ಜಗಳಕ್ಕೆ ನಿಲ್ಲುವ ಕಡೆ ಅರ್ಜುನನ ಕಂಠ ಪಿ.ಬಿ. ಶ್ರೀನಿವಾಸ್ ಅವರದು, ಬಭ್ರುವಾಹನನದು ಸ್ವತಃ ರಾಜ್‌ಕುಮಾರ್ ಅವರದು. ಅಪ್ಪನ ಹಮ್ಮು ಒಂದು ಬಗೆ, ಮಗನ ಅವಮಾನ ಇನ್ನೊಂದು ಬಗೆ. ಕಣ್ಣು ಮುಚ್ಚಿ ಕೇಳಿದರೂ ಯಾರು ಯಾರೆಂದು ತಿಳಿಯುತ್ತದೆ.

ನೋಡಿದ ಮೇಲೂ ಓವರ್ ಆಕ್ಟಿಂಗ್ ಅನ್ನಿಸಿದರೆ ಯಾವ ದೃಶ್ಯ, ಯಾವ ಮಾತು ಎಂದು ಬರೆದಿಟ್ಟುಕೋ. ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸು ಹತ್ತಿ ಬಾ, ಕೂತು ಮಾತಾಡೋಣ. ಮುಂದಿನ ಸಲ ಕುವೆಂಪು ರಂಗಮಂದಿರದಲ್ಲಿ ನಿಮ್ಮ ನಾಟಕವಿದ್ದರೆ ಮೊದಲೇ ತಿಳಿಸು. ನಾನು ಕೊನೇ ಸಾಲಿನಲ್ಲಿ ಕೂರುತ್ತೇನೆ. ನಿನ್ನ ಕೊನೇ ಅಕ್ಷರ ನನಗೆ ಕೇಳಬೇಕು.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ